ಸರ್ವೀಸಿಗೆ ಬಿಟ್ಟ ಸ್ಪೋರ್ಟ್ಸ್ ಕಾರನ್ನು ಮೆಕ್ಯಾನಿಕ್ ಬೇಕಾಬಿಟ್ಟಿ ಓಡಿಸಿದರೆ: ಬಿಡುವ ಮುಂಚಿನ ತಯಾರಿಯಿಂದ ಇಂಜಿನ್ ಪರೀಕ್ಷೆಯವರೆಗೆ

ಕಾರು ಸರ್ವೀಸಿನಿಂದ ಬಂದಿದೆ. ಮೀಟರಿನಲ್ಲಿ 38 ಕಿ.ಮೀ. ಹೆಚ್ಚಾಗಿದೆ. ಟ್ರಿಪ್ ಕಂಪ್ಯೂಟರ್ ಲೀಟರಿಗೆ 12 ತೋರಿಸುತ್ತಿದ್ದದ್ದು ಈಗ 5 ತೋರಿಸುತ್ತಿದೆ. ಚಕ್ರದ ಮೇಲಿನ ಮಡ್‌ಗಾರ್ಡ್ ಒಳಗೆ ಕೈಯಾಡಿಸಿದರೆ ಸಣ್ಣ ಸಣ್ಣ ರಬ್ಬರ್ ಉಂಡೆಗಳು. ಯಾರೋ ಚೆನ್ನಾಗಿ ಚಚ್ಚಿದ್ದಾರೆ ಅನ್ನೋದು ಖಚಿತ. ಇಂಜಿನ್ ಹಾಳಾಗಿದೆಯೇ?

ಬಹುಪಾಲು ಸಂದರ್ಭದಲ್ಲಿ ಇಲ್ಲ. ಆಗಿದ್ದರೂ ಅದನ್ನು ತೋರಿಸಿಕೊಡಲು ಬೇಕಾದ ಅಂಕಿಗಳನ್ನು ಕಾರು ಬಿಡುವ ಮೊದಲೇ ತೆಗೆದಿಟ್ಟಿರಬೇಕು. ಆಮೇಲೆ ತೆಗೆದ ಕಂಪ್ರೆಶನ್ ರೀಡಿಂಗಿಗೆ (ಸಿಲಿಂಡರಿನೊಳಗಿನ ಒತ್ತಡದ ಅಳತೆ) ಹೋಲಿಸಲು ಏನೂ ಇಲ್ಲದಿದ್ದರೆ "ಮೊದಲೇ ಹೀಗಿತ್ತು ಸಾರ್" ಅನ್ನುವ ಒಂದೇ ಮಾತಿಗೆ ಎಲ್ಲ ಮುಗಿಯುತ್ತದೆ. ಆದ್ದರಿಂದ ಇಲ್ಲಿ ಮೊದಲು ಹಾನಿ ಹೇಗೆ ಆಗುತ್ತದೆ ಎಂಬುದು, ಆಮೇಲೆ ಬಿಡುವ ಮುಂಚಿನ ತಯಾರಿ, ನಂತರ ಪರೀಕ್ಷೆ ಮತ್ತು ಜಗಳ.

ಯಾವ ಓಡಾಟದಿಂದ ಇಂಜಿನ್ ಸಾಯುತ್ತದೆ

ಬಿಸಿಯಾದ, ಆಯಿಲ್ ಸರಿಯಿರುವ ಇಂಜಿನ್ನನ್ನು ನಾಲ್ಕು ಸಲ ರೆಡ್‌ಲೈನ್ ತನಕ, ಅಂದರೆ ಮೀಟರಿನ ಕೆಂಪು ಗೆರೆಯ ತನಕ ಎಳೆದರೆ ಅದಕ್ಕೇನೂ ಆಗುವುದಿಲ್ಲ. ಅದಕ್ಕೆಂದೇ ಕಟ್ಟಿದ ಇಂಜಿನ್ ಅದು. ಅಪಾಯ ಇರುವುದು ಬೇರೆ ಕಡೆ.

ಮೊದಲನೆಯದು ತಣ್ಣಗಿನ ಇಂಜಿನ್. ರಾತ್ರಿಯಿಡೀ ವರ್ಕ್‌ಶಾಪಿನಲ್ಲಿ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿ, ಗೇಟು ದಾಟಿದ ಕೂಡಲೇ ಎಕ್ಸಿಲರೇಟರ್ ತುಳಿಯುವುದು. 5ಡಬ್ಲ್ಯು-30 ಆಯಿಲ್ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುವುದಕ್ಕಿಂತ 40 ಡಿಗ್ರಿಯಲ್ಲಿ ಐದಾರು ಪಟ್ಟು ಗಟ್ಟಿ. ಪಿಸ್ಟನ್ ಅಲ್ಯೂಮಿನಿಯಂನದ್ದು, ಬೇಗ ಹಿಗ್ಗುತ್ತದೆ. ಸುತ್ತಲಿನ ಬ್ಲಾಕ್ ಇನ್ನೂ ತಣ್ಣಗೇ ಇರುತ್ತದೆ. ಕೂಲಂಟ್ ಮುಳ್ಳು ಮಧ್ಯಕ್ಕೆ ಬಂದರೆ ಬಿಸಿಯಾಯಿತು ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಆ ಮುಳ್ಳು ಐದು-ಹತ್ತು ನಿಮಿಷದಲ್ಲಿ ಮಧ್ಯಕ್ಕೆ ಬರುತ್ತದೆ, ಆಯಿಲ್ ಅಷ್ಟು ಬಿಸಿಯಾಗಲು ಸುಮಾರು ಅದರ ಎರಡರಷ್ಟು ಹೊತ್ತು ಬೇಕು. ಇ46 ತಲೆಮಾರಿನ ಬಿಎಂಡಬ್ಲ್ಯು ಎಂ3ಯಲ್ಲಿ ಇದಕ್ಕೆಂದೇ ಟ್ಯಾಕೋಮೀಟರಿನ (ಇಂಜಿನ್ ಸುತ್ತು ತೋರಿಸುವ ಮೀಟರ್) ಅಂಚಿನಲ್ಲಿ ಹಳದಿ ದೀಪಗಳ ಸಾಲು ಕೊಟ್ಟಿದ್ದರು. ಆಯಿಲ್ ಬಿಸಿಯಾದಂತೆ ಅವು ಒಂದೊಂದಾಗಿ ಆರುತ್ತಾ ಹೋಗಿ, ಬಳಸಬಹುದಾದ ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ತಿರುಗುವ ಸುತ್ತು) ಮೇಲಕ್ಕೆ ಸರಿಯುತ್ತಿತ್ತು.

ಎರಡನೆಯದು ತಪ್ಪು ಗೇರು. ಮ್ಯಾನುಯಲ್ ಕಾರಿನ ಮಟ್ಟಿಗೆ ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಇಂಜಿನ್ ಮಿತಿಮೀರಿ ತಿರುಗದಂತೆ ತಡೆಯುವ ರೆವ್ ಲಿಮಿಟರ್ ಇದೆಯಲ್ಲ ಅನ್ನಬಹುದು. ಲಿಮಿಟರ್ ಮಾಡುವುದು ಇಂಧನ ಅಥವಾ ಸ್ಪಾರ್ಕ್ ಕಡಿಯುವುದನ್ನಷ್ಟೇ. ಚಕ್ರಗಳೇ ಇಂಜಿನ್ನನ್ನು ತಿರುಗಿಸಿದರೆ ಅದು ಏನೂ ಮಾಡಲಾರದು. ಲೆಕ್ಕ ನೋಡಿ: 3ನೇ ಗೇರಿನ ಅನುಪಾತ 1.3, 2ನೇದು 2.0 ಎಂದಿಟ್ಟುಕೊಳ್ಳಿ. 3ನೇ ಗೇರಿನಲ್ಲಿ 6,500 ಆರ್‌ಪಿಎಂ ತನಕ ಎಳೆದು 4ಕ್ಕೆ ಹಾಕಲು ಹೋದ ಕೈ ಗಡಿಬಿಡಿಯಲ್ಲಿ 2ಕ್ಕೆ ಹೋಯಿತು, ಕ್ಲಚ್ ಬಿಟ್ಟಾಯಿತು. 6,500 ಗುಣಿಸು 2.0, ಭಾಗಿಸು 1.3. ಸರಿಯಾಗಿ 10,000. ಆ ವೇಗದಲ್ಲಿ ವಾಲ್ವ್ ಸ್ಪ್ರಿಂಗಿಗೆ ವಾಲ್ವನ್ನು ಹೊತ್ತಿಗೆ ಸರಿಯಾಗಿ ಮುಚ್ಚಲು ಆಗುವುದಿಲ್ಲ, ಪಿಸ್ಟನ್ ಮೇಲೆ ಬಂದು ತೆರೆದ ವಾಲ್ವಿಗೆ ಗುದ್ದುತ್ತದೆ. ಅಲ್ಲಿ ಬಚಾವಾದರೂ ಕನೆಕ್ಟಿಂಗ್ ರಾಡ್‌ನ ಬೋಲ್ಟುಗಳು ಎಳೆದುಕೊಂಡಿರಬಹುದು. ಅಂಥ ಇಂಜಿನ್ ಆ ದಿನ ಚೆನ್ನಾಗಿಯೇ ಓಡಿ, ತಿಂಗಳಾದ ಮೇಲೆ ಹೈವೇಯಲ್ಲಿ ರಾಡ್ ಹೊರಗೆ ಹಾಕಬಹುದು.

ಫೋಕ್ಸ್‌ವ್ಯಾಗನ್ನಿನ ಡಿಎಸ್‌ಜಿಯಂಥ, ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಡ್ಯುಯಲ್ ಕ್ಲಚ್ ಕಾರುಗಳಲ್ಲಿ ಈ ತಪ್ಪಿಗೆ ಅವಕಾಶವೇ ಇಲ್ಲ, ಕಂಪ್ಯೂಟರ್ ಆ ಗೇರು ಕೊಡುವುದಿಲ್ಲ. ಅಲ್ಲಿ ಪೆಟ್ಟು ಬೀಳುವುದು ಕ್ಲಚ್ಚಿಗೆ. ಪೋಲೋ ಜಿಟಿ ಟಿಎಸ್‌ಐನಲ್ಲಿ ಬಂದ 7 ಗೇರಿನ ಡ್ರೈ ಕ್ಲಚ್ ಡಿಕ್ಯೂ200 ಗೇರ್‌ಬಾಕ್ಸ್ ತಡೆಯುವ ಟಾರ್ಕ್ (ತಿರುಚುವ ಬಲ) ಮಿತಿ 250 ನ್ಯೂಟನ್ ಮೀಟರ್. ತಂಪು ಮಾಡಲು ಸುತ್ತ ಆಯಿಲ್ ಇಲ್ಲ. ಬ್ರೇಕ್ ಮೇಲೆ ಕಾಲಿಟ್ಟು ರೇಸ್ ಕೊಟ್ಟು ಬಿಡುವ ಆಟವನ್ನು ನಾಲ್ಕು ಸಲ ಆಡಿದರೆ ಸುಟ್ಟ ವಾಸನೆ ಬರುತ್ತದೆ.

ಮೂರನೆಯದು ಓಡಿಸಿ ಬಂದು ತಕ್ಷಣ ಆಫ್ ಮಾಡುವುದು. ಟರ್ಬೊದ ಶಾಫ್ಟ್ ಪೂರ್ತಿ ಒತ್ತಡದಲ್ಲಿ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತಿರುತ್ತದೆ, ಪೆಟ್ರೋಲ್ ಇಂಜಿನ್ನಿನ ಹೊಗೆ 900 ಡಿಗ್ರಿ ಮುಟ್ಟುತ್ತದೆ. ಇಂಜಿನ್ ನಿಂತರೆ ಆಯಿಲ್ ಹರಿವೂ ನಿಂತು, ಬೇರಿಂಗಿನಲ್ಲಿ ಉಳಿದ ಆಯಿಲ್ ಬಾಣಲೆ ತಳ ಹಿಡಿದಂತೆ ಕರಕಲಾಗುತ್ತದೆ. ಹೊಸ ಕಾರುಗಳಲ್ಲಿ ಆಫ್ ಆದ ಮೇಲೂ ಕೂಲಂಟ್ ಓಡಿಸುವ ಎಲೆಕ್ಟ್ರಿಕ್ ಪಂಪ್ ಹಲವಕ್ಕೆ ಇದೆ, ಆದ್ದರಿಂದ ಒಂದು ಸಲಕ್ಕೆ ಟರ್ಬೊ ಹೋಗುವುದು ಅಪರೂಪ. ಹಳೆಯ ಟರ್ಬೊಗಳಿಗೆ ಆ ರಕ್ಷಣೆ ಇಲ್ಲ.

ನಾಲ್ಕನೆಯದನ್ನು ಯಾರೂ ಅನುಮಾನಿಸುವುದಿಲ್ಲ: ಆಯಿಲ್ ಬದಲಿಸಿದ ನಂತರದ ಮೊದಲ ಸ್ಟಾರ್ಟ್. ಹೊಸ ಫಿಲ್ಟರ್ ಖಾಲಿ, ಆಯಿಲ್ ಹರಿಯುವ ಗ್ಯಾಲರಿ ಕೊಳವೆಗಳೂ ಖಾಲಿ. ಒತ್ತಡ ಏರಲು ಕೆಲವು ಸೆಕೆಂಡು ಬೇಕು. ಅಷ್ಟರಲ್ಲಿ "ಸೌಂಡ್ ನೋಡೋಣ" ಎಂದು ರೇಸ್ ಕೊಟ್ಟರೆ ಕ್ರ್ಯಾಂಕ್ ಮತ್ತು ಟರ್ಬೊ ಬೇರಿಂಗ್ ಒಣಗಿದ್ದಾಗಲೇ ತಿರುಗುತ್ತವೆ. ಆಯಿಲ್ ಅರ್ಧ ಲೀಟರ್ ಕಮ್ಮಿ ಬಿದ್ದ ಕಾರನ್ನು ರಿಂಗ್ ರೋಡಿನ ತಿರುವಿನಲ್ಲಿ ಎಸೆದಾಡಿದರೆ ಪಂಪ್ ಗಾಳಿ ಎಳೆಯಬಹುದು. ಜಾಸ್ತಿ ಸುರಿದಿದ್ದರೆ ಕ್ರ್ಯಾಂಕ್ ಅದನ್ನು ಮಜ್ಜಿಗೆ ಕಡೆದಂತೆ ಕಡೆದು ನೊರೆ ಮಾಡುತ್ತದೆ. ನೊರೆಗೆ ಬೇರಿಂಗ್ ಕಾಯುವ ಶಕ್ತಿ ಇಲ್ಲ.

ಹೊಸ ಕಾರಾದರೆ ರನ್ನಿಂಗ್-ಇನ್ (ಹೊಸ ಇಂಜಿನ್ ಪಳಗುವ ಅವಧಿ) ಕೂಡ ಲೆಕ್ಕಕ್ಕೆ ಬರುತ್ತದೆ. ಬಿಎಂಡಬ್ಲ್ಯು ಎಂ ಕಾರುಗಳಿಗೆ ಮೊದಲ 2,000 ಕಿ.ಮೀ. ತನಕ 5,500 ಆರ್‌ಪಿಎಂ, 170 ಕಿ.ಮೀ. ವೇಗದ ಮಿತಿ ಇದೆ. 2,000ಕ್ಕೆ ಇಂಜಿನ್ ಆಯಿಲ್ ಮತ್ತು ಡಿಫರೆನ್ಶಿಯಲ್ ಆಯಿಲ್ ಎರಡನ್ನೂ ಬದಲಿಸಬೇಕು. ಆ ಮೊದಲ ಚೆಕಪ್‌ಗೆ ಬಂದ ಕಾರನ್ನು ಚಚ್ಚುವುದಕ್ಕೆ ಯಾವ ಸಬೂಬೂ ಇಲ್ಲ.

ಮೆಕ್ಯಾನಿಕ್ ಪರವಾಗಿಯೂ ಒಂದು ಮಾತು. ಟರ್ಬೊ ಒತ್ತಡ ಸಾಲುತ್ತಿಲ್ಲ ಎಂಬ ದೂರಿದ್ದರೆ ಪೂರ್ತಿ ಎಕ್ಸಿಲರೇಟರ್ ಒತ್ತಿ ಡೇಟಾ ಲಾಗ್ ಮಾಡದೆ ಕಂಡುಹಿಡಿಯಲಾಗದು. ಹೊಸ ಬ್ರೇಕ್ ಪ್ಯಾಡ್ ಕೂರಿಸಲು 60ರಿಂದ 10ಕ್ಕೆ ಎಂಟು-ಹತ್ತು ಸಲ ಬ್ರೇಕ್ ಹಿಡಿಯಬೇಕು. ಇವೆಲ್ಲ ನ್ಯಾಯವಾದ ಕೆಲಸ, 5-10 ಕಿ.ಮೀ.ಯೊಳಗೆ ಮುಗಿಯುತ್ತವೆ. ಬರೀ ಆಯಿಲ್ ಸರ್ವೀಸಿಗೆ 38 ಕಿ.ಮೀ. ಯಾಕೆ ಬೇಕಾಯಿತು ಎಂಬುದಷ್ಟೇ ಪ್ರಶ್ನೆ.

ಕಾರು ಬಿಡುವ ಮುನ್ನ

1. ಮನೆಯಲ್ಲೇ, ಸಮತಟ್ಟಾದ ಜಾಗದಲ್ಲಿ, ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು ಫೋಟೋ ತೆಗೆಯಿರಿ. ಹೆಚ್ಚಿನ ಕಾರುಗಳಲ್ಲಿ ಮೇಲಿನ-ಕೆಳಗಿನ ಗೆರೆಗಳ ನಡುವೆ ಸುಮಾರು ಒಂದು ಲೀಟರ್ ಇರುತ್ತದೆ. ಡಿಪ್‌ಸ್ಟಿಕ್ಕೇ ಇಲ್ಲದ ಕಾರಾದರೆ ಸ್ಕ್ರೀನಿನ ಆಯಿಲ್ ಮಟ್ಟದ ಫೋಟೋ ಸಾಕು.

2. ಓಡೋಮೀಟರ್, ಪೆಟ್ರೋಲ್ ಮುಳ್ಳು, ಟ್ರಿಪ್ ಕಂಪ್ಯೂಟರ್ ಮೂರೂ ಒಂದೇ ಫೋಟೋದಲ್ಲಿ ಬರಲಿ. ಸರ್ವೀಸ್ ಸೆಂಟರಿನ ಬಾಗಿಲಲ್ಲಿ ಟ್ರಿಪ್ ಬಿ ಸೊನ್ನೆ ಮಾಡಿ. ಕಿಲೋಮೀಟರ್ ಜೊತೆಗೆ ಸರಾಸರಿ ವೇಗ ಮತ್ತು ಮೈಲೇಜ್ ಕೂಡ ಅದರಲ್ಲಿ ಉಳಿಯುತ್ತವೆ. ಬ್ಯಾಟರಿ ಬಿಚ್ಚಿದರೆ ಕೆಲವು ಕಾರುಗಳಲ್ಲಿ ಇದು ಅಳಿಯುತ್ತದೆ, ಓಡೋಮೀಟರ್ ಅಳಿಯುವುದಿಲ್ಲ.

3. ಒಂದು ಬ್ಲೂಟೂತ್ ಒಬಿಡಿ ಅಡಾಪ್ಟರ್ (ಕಾರಿನ ಕಂಪ್ಯೂಟರ್ ಓದುವ ಸಾಧನ) ಚುಚ್ಚಿ ಆ್ಯಪ್‌ನಲ್ಲಿ ಮೂರು ಸಂಗತಿ ಓದಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ: ಫಾಲ್ಟ್ ಕೋಡ್ ಇದೆಯೇ, ಕೋಡ್ ಅಳಿಸಿದ ಮೇಲೆ ಎಷ್ಟು ಕಿ.ಮೀ. ಓಡಿದೆ, ರೆಡಿನೆಸ್ ಮಾನಿಟರುಗಳೆಲ್ಲ (ಕಾರು ತನ್ನನ್ನೇ ಪರೀಕ್ಷಿಸಿಕೊಳ್ಳುವ ಪಟ್ಟಿ) ಪೂರ್ಣವೇ. ಎರಡನೆಯದು ಬಹಳ ಮುಖ್ಯ, ಕಾರಣ ಮುಂದೆ ಬರುತ್ತದೆ.

4. ಬೆಲೆಬಾಳುವ ಕಾರಾದರೆ, ವರ್ಷಕ್ಕೊಮ್ಮೆಯಾದರೂ ಬೇರೊಂದು ಗ್ಯಾರೇಜಿನಲ್ಲಿ ಕಂಪ್ರೆಶನ್ ಟೆಸ್ಟ್ ಮಾಡಿಸಿ ಸಹಿ-ದಿನಾಂಕದ ಕಾಗದ ಇಟ್ಟುಕೊಳ್ಳಿ. ಪೋರ್ಷೆ 911 ಇದ್ದವರು ಓವರ್‌ರೆವ್ (ಇಂಜಿನ್ ಅತಿವೇಗದಲ್ಲಿ ತಿರುಗಿದ) ವರದಿಯನ್ನೂ ತೆಗೆಸಿ.

5. ಟೈರಿನ ಟ್ರೆಡ್ (ಮೇಲಿನ ಗೆರೆಗಳ) ಆಳವನ್ನು ಗೇಜಿನಿಂದ ನಾಲ್ಕೂ ಚಕ್ರದ ಒಳ-ಹೊರ ಅಂಚಿನಲ್ಲಿ ಅಳೆದು ಬರೆದುಕೊಳ್ಳಿ. ಎರಡು ನಿಮಿಷದ ಕೆಲಸ.

6. ಜಾಬ್ ಕಾರ್ಡಿನ ಷರಾ ಜಾಗದಲ್ಲಿ ಸರ್ವೀಸ್ ಅಡ್ವೈಸರ್ ಕೈಯಲ್ಲೇ ಬರೆಸಿ: "ಟೆಸ್ಟ್ ಡ್ರೈವ್ 10 ಕಿ.ಮೀ. ಮೀರಬಾರದು. ಆಯಿಲ್ ಬಿಸಿಯಾಗುವ ತನಕ 3,000 ಆರ್‌ಪಿಎಂ ಮೀರಬಾರದು. ಹೆಚ್ಚು ಬೇಕಾದರೆ ಮಾಲೀಕರಿಗೆ ಫೋನ್ ಮಾಡಿ, ಅವರ ಜೊತೆಯಲ್ಲೇ ಓಡಿಸಬೇಕು. ಹಳೆಯ ಆಯಿಲ್ ಫಿಲ್ಟರ್ ಮತ್ತು 100 ಮಿ.ಲೀ. ಹಳೆಯ ಆಯಿಲ್ ಡಿಕ್ಕಿಯಲ್ಲಿಡಬೇಕು." ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ, ಜಾಬ್ ಕಾರ್ಡಿಗೆ ಇದೆ. ಕೊನೆಯ ಸಾಲು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ಹಳೆಯ ಫಿಲ್ಟರ್ ಅಂದರೆ ಆ ದಿನದ ತನಕ ಇಂಜಿನ್ನಿನೊಳಗೆ ಲೋಹ ಸವೆದಿತ್ತೋ ಇಲ್ಲವೋ ಎಂಬುದರ ದಾಖಲೆ.

7. ಕಾರಿನಲ್ಲಿ ಇರುವ ಬೀಗಗಳನ್ನು ಹಾಕಿ. ಹ್ಯುಂಡೈಯ ಬ್ಲೂಲಿಂಕ್ ಆ್ಯಪ್‌ನಲ್ಲಿ ವೇಗದ ಎಚ್ಚರಿಕೆ, ಜಿಯೋಫೆನ್ಸ್ (ಗೊತ್ತುಮಾಡಿದ ಪ್ರದೇಶ ದಾಟಿದರೆ ಎಚ್ಚರಿಕೆ), ವ್ಯಾಲೆ ಅಲರ್ಟ್ (ಕಾರು ಬೇರೆಯವರ ಕೈಯಲ್ಲಿದ್ದಾಗಿನ ಎಚ್ಚರಿಕೆ) ಇವೆ. ಐ20 ಎನ್ ಲೈನ್‌ನಂಥ ಕಾರಿಗೆ 80 ಕಿ.ಮೀ.ಯ ಎಚ್ಚರಿಕೆ ಇಟ್ಟರೆ ಸಾಕು. ಅಮೆರಿಕದ ಡಾಡ್ಜ್ ಹೆಲ್‌ಕ್ಯಾಟಿಗೆ ಎರಡು ಕೀಲಿ ಬರುತ್ತಿದ್ದವು, ಕಪ್ಪು ಕೀಲಿ ಕೊಟ್ಟರೆ ಶಕ್ತಿ 500 ಅಶ್ವಶಕ್ತಿಗೆ ಇಳಿಯುತ್ತಿತ್ತು, ವ್ಯಾಲೆ ಮೋಡ್ ಹಾಕಿದರೆ 4,000 ಆರ್‌ಪಿಎಂ ದಾಟುತ್ತಿರಲಿಲ್ಲ. ನಮ್ಮಲ್ಲಿ ಸಿಗುವ ಹೆಚ್ಚಿನ ಕಾರುಗಳಿಗೆ ಅಂಥ ಭಾಗ್ಯ ಇಲ್ಲ. ಆದ್ದರಿಂದ ಡ್ಯಾಶ್‌ಕ್ಯಾಮ್.

ಡ್ಯಾಶ್‌ಕ್ಯಾಮ್ ಇದ್ದರೆ ಇದೆ ಎಂದು ಅಡ್ವೈಸರ್‌ಗೆ ನೇರವಾಗಿ ಹೇಳಿ, ಅದನ್ನೂ ಜಾಬ್ ಕಾರ್ಡಿನಲ್ಲಿ ನಮೂದಿಸಿ. ಬಚ್ಚಿಟ್ಟು ಹಿಡಿಯುವುದಕ್ಕಿಂತ ಇದೆ ಎಂದು ಗೊತ್ತಾಗುವುದೇ ಹೆಚ್ಚು ಪರಿಣಾಮಕಾರಿ. ಕ್ಯಾಮೆರಾದಲ್ಲಿ ಜಿಪಿಎಸ್ ಇದ್ದರೆ ಪರದೆಯ ಮೇಲೆ ವೇಗ ಮೂಡುತ್ತದೆ. ಇಲ್ಲದಿದ್ದರೂ ಧ್ವನಿ ಸಾಕು, ಇಂಜಿನ್ ಲಿಮಿಟರಿಗೆ ತಾಗಿದ "ಡರ್ರ್" ಸದ್ದು ಯಾವ ಕಿವಿಗೂ ಗೊತ್ತಾಗುತ್ತದೆ.

ಗೇಟಿನ ಹೊರಗೆ ಬರುವ ಮುಂಚೆ

ಬಿಲ್ ಕಟ್ಟಿ ಮನೆಗೆ ಹೋಗಿ ನೋಡಿದರೆ ತಡವಾಯಿತು. ಕೌಂಟರಿಗೆ ಹೋಗುವ ಮೊದಲು ಕಾರಿನ ಹತ್ತಿರ ಹೋಗಿ.

ಓಡೋಮೀಟರ್, ಟ್ರಿಪ್ ಬಿ, ಸರಾಸರಿ ವೇಗ ನೋಡಿ ಫೋಟೋ ತೆಗೆಯಿರಿ. ಬಾನೆಟ್ ತೆಗೆಸಿ ಡಿಪ್‌ಸ್ಟಿಕ್ ನೋಡಿ. ಮಡ್‌ಗಾರ್ಡ್ ಒಳಭಾಗ ಮುಟ್ಟಿ ನೋಡಿ, ನೀರು ಹೊಡೆದು ತೊಳೆದಿದ್ದರೂ ರಬ್ಬರ್ ಉಂಡೆ ಒಳಗಿನ ಅಂಚಿಗೆ ಅಂಟಿರುತ್ತದೆ. ಬ್ರೇಕ್ ಡಿಸ್ಕಿನಲ್ಲಿ ನೀಲಿ ಛಾಯೆ ಇದ್ದರೆ ಅದು ವಿಪರೀತ ಬಿಸಿ ಕಂಡಿದೆ. ಟೈರಿನ ಒಂದೇ ಜಾಗ ಚಪ್ಪಟೆಯಾಗಿ ಉಜ್ಜಿದ್ದರೆ ಚಕ್ರ ಕಟ್ಟಿ ಜಾರಿದೆ.

ಫೋನಿನಲ್ಲಿ ಫಾಸ್ಟ್ಯಾಗ್ ಸಂದೇಶ ಒಮ್ಮೆ ನೋಡಿ. ಬೆಂಗಳೂರಿನ ವರ್ಕ್‌ಶಾಪಿಗೆ ಬಿಟ್ಟ ಕಾರು ಸಾದಹಳ್ಳಿಯಲ್ಲೋ ಅತ್ತಿಬೆಲೆಯಲ್ಲೋ ಟೋಲ್ ಕಟ್ಟಿದ್ದರೆ ಸಮಯ, ಸ್ಥಳ ಎರಡೂ ಬ್ಯಾಂಕಿನ ದಾಖಲೆಯಲ್ಲಿ ಕೂತಿರುತ್ತವೆ. ಪರಿವಾಹನ್ ಪೋರ್ಟಲಿನಲ್ಲಿ ಇ-ಚಲನ್ ಕೂಡ ಒಂದು ತಿಂಗಳು ನೋಡುತ್ತಿರಿ. ವೇಗದ ಚಲನ್ ನಿಮ್ಮ ಹೆಸರಿಗೇ ಬರುತ್ತದೆ. ಬಂದರೆ ಹೊತ್ತು ಸಮೇತ ಸಾಕ್ಷಿ ಸಿಕ್ಕಂತೆ. ಮೋಟಾರು ವಾಹನ ಕಾಯ್ದೆಯ 133ನೇ ಸೆಕ್ಷನ್ ಪ್ರಕಾರ ಓಡಿಸಿದವರು ಯಾರು ಎಂದು ಪೊಲೀಸರು ಕೇಳಿದರೆ ಮಾಲೀಕರು ಮಾಹಿತಿ ಕೊಡಬೇಕು. ಜಾಬ್ ಕಾರ್ಡ್ ಆಗ ಕೆಲಸಕ್ಕೆ ಬರುತ್ತದೆ.

ಸ್ಟಾರ್ಟ್ ಮಾಡಿ ಸುಮ್ಮನೆ ಕೇಳಿ. ಆರ್‌ಪಿಎಂ ಏರಿಸಿದಂತೆ ಕೆಳಗಿನಿಂದ "ಟಕ್ ಟಕ್" ಎಂದು ಆಳದ ಸದ್ದು ಬಂದರೆ, ಆಯಿಲ್ ದೀಪ ಮಿನುಗಿದರೆ, ಅಲ್ಲೇ ಆಫ್ ಮಾಡಿ. ಓಡಿಸಿಕೊಂಡು ಹೋಗಬೇಡಿ. ಬೇರಿಂಗ್ ಸದ್ದಿನಲ್ಲಿ ಇನ್ನೊಂದು ಹತ್ತು ಕಿ.ಮೀ. ಓಡಿದರೆ ಹಾನಿ ಯಾರ ಕೈಯಲ್ಲಿ ಆಯಿತು ಎಂಬ ವಾದ ನಿಮ್ಮ ಮೇಲೇ ತಿರುಗುತ್ತದೆ.

ಕಂಪ್ಯೂಟರ್ ಏನು ಹೇಳುತ್ತದೆ

ಒಬಿಡಿ ಅಡಾಪ್ಟರ್ ಮತ್ತೆ ಚುಚ್ಚಿ. ಮೊದಲು ನೋಡಬೇಕಾದ್ದು "ಕೋಡ್ ಅಳಿಸಿದ ಮೇಲೆ ಓಡಿದ ದೂರ". ಬಿಡುವಾಗ 6,140 ಕಿ.ಮೀ. ಇದ್ದದ್ದು ಈಗ 3 ಕಿ.ಮೀ. ಆಗಿದ್ದರೆ ವರ್ಕ್‌ಶಾಪಿನಲ್ಲಿ ಮೆಮೊರಿ ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ. ಇದರಲ್ಲೇ ತಪ್ಪಿಲ್ಲ, ಸೆನ್ಸರ್ ಬದಲಿಸಿದರೂ ಅಳಿಸುತ್ತಾರೆ. ಆದರೆ ಯಾವ ಕೋಡ್ ಇತ್ತು, ಯಾಕೆ ಅಳಿಸಿದಿರಿ, ಸ್ಕ್ಯಾನ್ ವರದಿಯ ಪ್ರಿಂಟ್ ಕೊಡಿ ಎಂದು ಕೇಳುವ ಹಕ್ಕು ನಿಮಗೆ ಬಂತು.

ಅಳಿಸದಿದ್ದರೆ ಈ ಕೋಡುಗಳನ್ನು ಹುಡುಕಿ: ಪಿ0219 ಎಂದರೆ ಇಂಜಿನ್ ಮಿತಿಮೀರಿದ ವೇಗದಲ್ಲಿ ತಿರುಗಿದೆ, ಪಿ0217 ವಿಪರೀತ ಬಿಸಿ, ಪಿ0234 ಟರ್ಬೊ ಒತ್ತಡ ಹೆಚ್ಚು, ಪಿ0524 ಆಯಿಲ್ ಒತ್ತಡ ತೀರಾ ಕಡಿಮೆ, ಪಿ0300ರಿಂದ ಮುಂದಿನವು ಮಿಸ್‌ಫೈರ್. ಕೋಡಿನ ಜೊತೆ ಫ್ರೀಜ್ ಫ್ರೇಮ್ ಇರಬಹುದು. ಅದು ಆ ಕ್ಷಣದ ಆರ್‌ಪಿಎಂ, ವೇಗ, ಕೂಲಂಟ್ ತಾಪಮಾನದ ಚಿತ್ರ. ಕೂಲಂಟ್ 48 ಡಿಗ್ರಿ, ಆರ್‌ಪಿಎಂ 6,300 ಎಂದು ಅದರಲ್ಲಿದ್ದರೆ ಬೇರೆ ಮಾತೇ ಬೇಡ.

ಪೋರ್ಷೆಯವರ ಲೆಕ್ಕ ಇನ್ನೂ ಖಚಿತ. 911ರ 997 ಎಂಬ ಮಾದರಿಯ ಎರಡನೇ ತಲೆಮಾರಿನಿಂದ ಈಚೆಗೆ ಇಂಜಿನ್ ಕಂಪ್ಯೂಟರ್ ಅತಿವೇಗವನ್ನು ಆರು ಮಟ್ಟಗಳಾಗಿ ವಿಂಗಡಿಸಿ, ಪ್ರತಿಯೊಂದರಲ್ಲೂ ಎಷ್ಟು ಇಗ್ನಿಶನ್ ಆಯಿತು, ಕೊನೆಯದು ಇಂಜಿನ್ ಎಷ್ಟನೇ ಗಂಟೆಯಲ್ಲಿ ಓಡುತ್ತಿದ್ದಾಗ ಆಯಿತು ಎಂದು ಬರೆದಿಡುತ್ತದೆ. ಆರು ಸಿಲಿಂಡರ್ ಇಂಜಿನ್ ಒಂದು ಸುತ್ತಿಗೆ ಮೂರು ಸಲ ಉರಿಯುತ್ತದೆ. 8,000 ಆರ್‌ಪಿಎಂನಲ್ಲಿ ನಿಮಿಷಕ್ಕೆ 24,000, ಅಂದರೆ ಸೆಕೆಂಡಿಗೆ 400. ವರದಿಯಲ್ಲಿ 200 ಎಂದಿದ್ದರೆ ಅರ್ಧ ಸೆಕೆಂಡ್. ಒಂದು, ಎರಡನೇ ಮಟ್ಟದಲ್ಲಿ ಸಾವಿರಗಟ್ಟಲೆ ಇದ್ದರೂ ಹೆದರಬೇಕಿಲ್ಲ, ಲಿಮಿಟರ್ ಹತ್ತಿರ ಓಡಿದರೂ ಅವು ತುಂಬುತ್ತವೆ. ನಾಲ್ಕರಿಂದ ಆರರಲ್ಲಿ ಏನಾದರೂ ಇದ್ದರೆ ಅದು ತಪ್ಪು ಗೇರಿನ ಗುರುತು. ಗಂಟೆ ನೋಡಿ: ಕಾರು ಬಿಡುವಾಗ ಇಂಜಿನ್ 1,412.1 ಗಂಟೆ ಓಡಿತ್ತು, ಆರನೇ ಮಟ್ಟದ ಕೊನೆಯ ಘಟನೆ 1,412.6ರಲ್ಲಿ ಎಂದರೆ ಸ್ಟೀರಿಂಗ್ ಯಾರ ಕೈಯಲ್ಲಿತ್ತು ಎಂಬುದಕ್ಕೆ ಉತ್ತರ ಸಿಕ್ಕಿತು.

ಇಂಜಿನ್ ತೆರೆಯದೆ ಮಾಡುವ ಪರೀಕ್ಷೆಗಳು

ಅನುಮಾನ ಗಟ್ಟಿಯಾದರೆ ಸಂಬಂಧವಿಲ್ಲದ ಗ್ಯಾರೇಜಿಗೆ, ಸಾಧ್ಯವಾದರೆ ಕಾರು ಹೊರುವ ಫ್ಲಾಟ್‌ಬೆಡ್ ಲಾರಿಯಲ್ಲಿ ಒಯ್ಯಿರಿ. ಮೊದಲು ಬೋರೋಸ್ಕೋಪ್. ಪ್ಲಗ್ ಬಿಚ್ಚಿ ಸಣ್ಣ ಕ್ಯಾಮೆರಾ ಇಳಿಸಿ ಪಿಸ್ಟನ್ ತಲೆ ನೋಡಿ. ಮಸಿಯ ಮೇಲೆ ಅರ್ಧಚಂದ್ರದಂಥ ಹೊಳೆಯುವ ಗುರುತು ಕಂಡರೆ ವಾಲ್ವ್ ತಾಗಿದೆ. ಬಿಚ್ಚಿದ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಸೂಜಿಮೊನೆಯಷ್ಟು ಹೊಳೆಯುವ ಚುಕ್ಕೆಗಳಿದ್ದರೆ ಅದು ಪಿಸ್ಟನ್ನಿನಿಂದ ಹಾರಿದ ಅಲ್ಯೂಮಿನಿಯಂ, ಡಿಟೋನೇಶನ್ (ಇಂಧನ ತಾಳತಪ್ಪಿ ಸ್ಫೋಟಿಸುವುದು) ಆಗಿದೆ.

ಆಮೇಲೆ ಕಂಪ್ರೆಶನ್. ಇಂಜಿನ್ ಬಿಸಿ ಇರಬೇಕು, ಎಲ್ಲ ಪ್ಲಗ್ ಹೊರಗಿರಬೇಕು, ಇಂಧನ ಮತ್ತು ಇಗ್ನಿಶನ್ ಫ್ಯೂಸ್ ತೆಗೆದಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು, ಬ್ಯಾಟರಿ ಚಾರ್ಜ್ ಇರಬೇಕು. ಪ್ರತಿ ಸಿಲಿಂಡರಿಗೂ ಐದಾರು ಸುತ್ತು ಕ್ರ್ಯಾಂಕ್ ಮಾಡಿ ಬರೆದುಕೊಳ್ಳಿ. ಒಟ್ಟು ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ, ಶೇ. 10-15 ಮೀರಿದರೆ ತೊಂದರೆ. ಕಡಿಮೆ ಬಂದ ಸಿಲಿಂಡರಿಗೆ ಒಂದು ಟೀ ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಅಂಕಿ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಆಯಿಲ್ ಜಾಸ್ತಿ ಬಿಟ್ಟರೆ ಸುಳ್ಳು ರೀಡಿಂಗ್ ಬರುತ್ತದೆ.

ಗಾಳಿ ತುಂಬಿ ಸೋರಿಕೆ ಅಳೆಯುವ ಲೀಕ್‌ಡೌನ್ ಪರೀಕ್ಷೆ ಇನ್ನೂ ನಂಬಿಕಸ್ಥ. ಪಿಸ್ಟನ್ನನ್ನು ಕಂಪ್ರೆಶನ್ ಸ್ಟ್ರೋಕಿನ ತುದಿಗೆ ತಂದು, ಕ್ರ್ಯಾಂಕ್ ತಿರುಗದಂತೆ ಹಿಡಿದು, 100 ಪಿಎಸ್‌ಐ ಗಾಳಿ ಬಿಡಿ. ಶೇ. 10ರೊಳಗಿನ ಸೋರಿಕೆ ಸರಿ, 20 ದಾಟಿದರೆ ಕಿವಿಗೊಡಿ. ಸೈಲೆನ್ಸರಿನಲ್ಲಿ ಗಾಳಿ ಸದ್ದು ಬಂದರೆ ಎಕ್ಸಾಸ್ಟ್ ವಾಲ್ವ್, ಏರ್ ಫಿಲ್ಟರ್ ಕಡೆ ಬಂದರೆ ಇನ್‌ಟೇಕ್ ವಾಲ್ವ್, ಆಯಿಲ್ ಮುಚ್ಚಳದಲ್ಲಿ ಬಂದರೆ ರಿಂಗ್, ಕೂಲಂಟ್ ಬಾಟಲಿಯಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್.

ಈ ಎರಡೂ ಪರೀಕ್ಷೆಗೆ ಬೇರಿಂಗ್ ಹಾನಿ ಕಾಣುವುದಿಲ್ಲ. ಅದಕ್ಕೆ ಫಿಲ್ಟರ್ ಕತ್ತರಿಸಬೇಕು. ಹಾಕ್ಸಾ ಬ್ಲೇಡ್ ಬೇಡ, ಅದರ ಪುಡಿಯೇ ಒಳಗೆ ಬೀಳುತ್ತದೆ. ಫಿಲ್ಟರ್ ಕಟರ್ ಬಳಸಿ. ಕಾಗದದ ಮಡಿಕೆಯನ್ನು ವೈಸಿನಲ್ಲಿ ಹಿಂಡಿ ಬಿಸಿಲಿನಲ್ಲಿ ಬಿಡಿಸಿ ನೋಡಿ. ಅಯಸ್ಕಾಂತಕ್ಕೆ ಅಂಟಿದರೆ ಕಬ್ಬಿಣ-ಉಕ್ಕು, ಅಂಟದ ಬೆಳ್ಳಿ ಬಣ್ಣದ್ದು ಅಲ್ಯೂಮಿನಿಯಂ ಅಥವಾ ಬೇರಿಂಗಿನ ಮೇಲ್ಪದರ, ತಾಮ್ರದ ಬಣ್ಣದ ಚೂರು ಕಂಡರೆ ಬೇರಿಂಗ್ ಒಳಪದರದವರೆಗೆ ಸವೆದಿದೆ. ಡಿಕ್ಕಿಯಲ್ಲಿಟ್ಟ ಹಳೆಯ ಫಿಲ್ಟರ್ ಶುಭ್ರ, ಸರ್ವೀಸಿನಲ್ಲಿ ಹಾಕಿದ ಹೊಸದರಲ್ಲಿ ತಾಮ್ರ ಎಂದಾದರೆ ಬೇರೆ ವಿವರಣೆ ಕೊಡುವುದು ಕಷ್ಟ. ಎರಡೂ ಆಯಿಲ್ ಮಾದರಿಯನ್ನು ಲ್ಯಾಬಿಗೆ ಕಳಿಸಿದರೆ ಲೋಹದ ಪ್ರಮಾಣ ಪಿಪಿಎಂ (ಹತ್ತು ಲಕ್ಷಕ್ಕೆ ಎಷ್ಟು ಭಾಗ) ಲೆಕ್ಕದಲ್ಲಿ ಬರುತ್ತದೆ.

ಜಗಳ ಮಾಡುವ ಕ್ರಮ

ಕೂಗಾಟದಿಂದ ಕೆಲಸವಾಗದು. ಅದೇ ದಿನ ವರ್ಕ್‌ಶಾಪಿನ ಮ್ಯಾನೇಜರಿಗೆ ಇಮೇಲ್ ಹಾಕಿ: ಬಿಟ್ಟ ಓಡೋಮೀಟರ್, ಪಡೆದ ಓಡೋಮೀಟರ್, ಜಾಬ್ ಕಾರ್ಡ್ ಸಂಖ್ಯೆ, ಫೋಟೋಗಳು. ಗೇಟ್ ಪಾಸ್ ರಿಜಿಸ್ಟರ್ ಮತ್ತು ಆ ಅವಧಿಯ ಸಿಸಿಟಿವಿ ಅಳಿಸದಂತೆ ಉಳಿಸಿಡಿ ಎಂದು ಸ್ಪಷ್ಟವಾಗಿ ಬರೆಯಿರಿ, ಯಾಕೆಂದರೆ ಸಿಸಿಟಿವಿ ತಾನೇ ತಾನಾಗಿ ಅಳಿಯುತ್ತದೆ.

ಬಿಲ್ ಕಟ್ಟದೆ ಕಾರು ಒಯ್ಯುತ್ತೇನೆ ಎನ್ನಬೇಡಿ. ಕರಾರು ಕಾಯ್ದೆ 1872ರ 170ನೇ ಸೆಕ್ಷನ್ ಪ್ರಕಾರ ಕೂಲಿ ಸಲ್ಲುವ ತನಕ ಕಾರು ಇಟ್ಟುಕೊಳ್ಳಲು ಅವರಿಗೆ ಹಕ್ಕಿದೆ. "ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ" ಎಂದು ಬಿಲ್ಲಿನ ಮೇಲೆ ಬರೆದು ಕಟ್ಟಿ. ಅದೇ ಕಾಯ್ದೆಯ 154ನೇ ಸೆಕ್ಷನ್ ನಿಮ್ಮ ಪರ ಇದೆ: ವಶಕ್ಕೆ ಕೊಟ್ಟ ವಸ್ತುವನ್ನು ಷರತ್ತು ಮೀರಿ ಬಳಸಿದರೆ, ಆ ಬಳಕೆಯ ಕಾಲದಲ್ಲಾದ ಹಾನಿಗೆ ಬಳಸಿದವರೇ ಹೊಣೆ. ಕಾಯ್ದೆಯಲ್ಲಿ ಕೊಟ್ಟ ಉದಾಹರಣೆ ಕುದುರೆಯದು. ತನ್ನ ಸವಾರಿಗೆಂದು ತಂದ ಕುದುರೆಯನ್ನು ಮನೆಯ ಇನ್ನೊಬ್ಬರಿಗೆ ಕೊಟ್ಟ, ಆತ ಎಚ್ಚರಿಕೆಯಿಂದಲೇ ಓಡಿಸಿದ, ಆದರೂ ಕುದುರೆ ಬಿದ್ದು ಪೆಟ್ಟಾಯಿತು. ತಂದವನು ಪರಿಹಾರ ಕೊಡಬೇಕು. ಜಾಬ್ ಕಾರ್ಡಿನಲ್ಲಿ 10 ಕಿ.ಮೀ. ಎಂದು ಬರೆಸಿದ್ದು ಈ ಕಾರಣಕ್ಕೇ.

ಇನ್ಶೂರೆನ್ಸ್ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಯಾಂತ್ರಿಕ ವೈಫಲ್ಯ ಸಾಮಾನ್ಯ ಪಾಲಿಸಿಯ ಹೊರಗೆ, ಇಂಜಿನ್ ಪ್ರೊಟೆಕ್ಟ್ ಎಂಬ ಸೇರ್ಪಡೆ ಹೆಚ್ಚಾಗಿ ನೀರು ಹೊಕ್ಕಿದ್ದಕ್ಕೆ, ಆಯಿಲ್ ಸೋರಿದ್ದಕ್ಕೆ.

ಎರಡು ವಾರದಲ್ಲಿ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅಲ್ಲೂ ಆಗದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಡಿ ನೀವಿರುವ ಜಿಲ್ಲೆಯ ಆಯೋಗಕ್ಕೆ ಇ-ಜಾಗೃತಿ ಪೋರ್ಟಲ್ ಮೂಲಕ ಹೋಗಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಡ್ಯಾಶ್‌ಕ್ಯಾಮ್ ವಿಡಿಯೋ, ಸ್ಕ್ರೀನ್‌ಶಾಟ್ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಲಗತ್ತಿಸಿ; ಮೆಮೊರಿ ಕಾರ್ಡಿನ ಮೂಲ ಪ್ರತಿಯನ್ನು ಮುಟ್ಟದೆ ತೆಗೆದಿಡಿ. ದೂರಿಗೆ ಎರಡು ವರ್ಷದ ಗಡುವು ಇದೆ. ಇಂಜಿನ್ ರಿಪೇರಿ ಮಾಡಿಸುವುದಾದರೆ ಬಿಚ್ಚುವ ದಿನವನ್ನು ವರ್ಕ್‌ಶಾಪಿಗೆ ಮೊದಲೇ ಲಿಖಿತವಾಗಿ ತಿಳಿಸಿ ಬರಲು ಕರೆಯಿರಿ, ಬಾರದಿದ್ದರೆ ವಿಡಿಯೋ ಮಾಡಿಸಿ, ತೆಗೆದ ಬೇರಿಂಗ್, ವಾಲ್ವ್, ಬೋಲ್ಟುಗಳನ್ನು ಒಂದೊಂದಾಗಿ ಆಯಿಲ್ ಸವರಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸಿಲಿಂಡರ್ ಸಂಖ್ಯೆ ಬರೆದು ಪೆಟ್ಟಿಗೆಯಲ್ಲಿಡಿ. ತುಕ್ಕು ಹಿಡಿದ ಬೇರಿಂಗ್ ನೋಡಿ ಯಾವ ತಜ್ಞರೂ ಏನೂ ಹೇಳಲಾರರು.